ಅಧ್ಯಕ್ಷರ ಕೋಣೆಯ ಕಂಪ್ಯೂಟರು

ಲೆಕ್ಕದ ಸಾಫ್ಟ್‌ವೇರು ನಿಧಾನವಾಗಿದೆ ಎಂದು ಯಾವುದಾದರೂ ಆಫೀಸಿನಿಂದ ಫೋನು ಬಂದರೆ, ಕಂಪ್ಯೂಟರಿನ ವಯಸ್ಸು, ವಿಂಡೋಸು ಹಳೆಯದೋ ಹೊಸದೋ, ವೈರು ಎಷ್ಟು ಉದ್ದ ಎಂಬುದನ್ನೆಲ್ಲ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು ಒಂದೇ. ಲೆಕ್ಕ ತುಂಬಿರುವ ಕಂಪ್ಯೂಟರು ಯಾರ ಕೋಣೆಯಲ್ಲಿದೆ? ಅದಕ್ಕೆ ಉತ್ತರ ಸಿಕ್ಕಿದರೆ ಅರ್ಧ ರೋಗ ಗೊತ್ತಾದಂತೆ. ಉಳಿದರ್ಧ ಗೊತ್ತಾದರೂ ಬಾಯಿಬಿಟ್ಟು ಹೇಳುವಂತಿರುವುದಿಲ್ಲ.

ನಿವೃತ್ತನಾಗುವವರೆಗೆ ನಾನು ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಇಂಜಿನಿಯರಿಂಗ್ ಓದಿದವನಲ್ಲ. ಸ್ಕ್ರೂಡ್ರೈವರ್ ಹಿಡಿದವರನ್ನೆಲ್ಲ ಹಾಗೆ ಕರೆಯುವುದು ನಮ್ಮ ಕಡೆಯ ಸೌಜನ್ಯ. ಮನೆತನ ದೇವಸ್ಥಾನದ ಪರಿಚಾರಕರದು. ಹಾಗಾಗಿ ಕೆಲವರಿಗೆ ಇಂಜಿನಿಯರ್, ಕೆಲವರಿಗೆ ಐನೋರು, ಬಿಲ್ಲು ಕೈಗಿಟ್ಟ ಮೇಲೆ ಯಾರಿಗೂ ಏನೂ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಬಡ್ತಿಯ ವಿಚಾರ ಬರೆಯಲು ಏನೂ ಇಲ್ಲ. ಚಿಕ್ಕ ಚೀಲದ ಬದಲು ದೊಡ್ಡ ಚೀಲ ಕೊಟ್ಟರು, ಅಷ್ಟೆ.

ಈಗ ಈ ಕೆಲಸಕ್ಕೆ ಬರುವವರು ಇದ್ದಲ್ಲೇ ಕುಳಿತು ದೂರದ ಕಂಪ್ಯೂಟರಿನೊಳಗೆ ಕೈಯಾಡಿಸುತ್ತಾರೆ. ಒಳ್ಳೆಯದೇ. ಆದರೆ ಹಾಗೆ ನೋಡಿದಾಗ ಕಂಪ್ಯೂಟರು ಕಾಣುತ್ತದೆ, ಅದು ಕುಳಿತಿರುವ ಕೋಣೆ ಕಾಣುವುದಿಲ್ಲ. ಆ ಕೋಣೆಯ ಬಗ್ಗೆ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆ. ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ನಾನು ಇನ್ನಷ್ಟು ಚುರುಕಾಗಿದ್ದೇನೆ, ಉಳಿದವರು ಇನ್ನಷ್ಟು ಪೆದ್ದರಾಗಿದ್ದಾರೆ, ಮಾತುಗಳು ತಿಕ್ಕಿದ ಪಾತ್ರೆಯ ಹಾಗೆ ಹೊಳೆಯುತ್ತಿವೆ. ಇಲ್ಲಿ ಸಾಧ್ಯವಾದ ಕಡೆ ಆ ಹೊಳಪನ್ನು ಕೆರೆದು ತೆಗೆದಿದ್ದೇನೆ. ಕೆರೆದರೂ ಉಳಿಯುವುದು ಇಷ್ಟು: ಕೆ.ಆರ್. ಪೇಟೆಯ ಒಂದು ಸಹಕಾರ ಸಂಘದಲ್ಲಿ ಸವಿತಾ ಎಂಬ ಅಕೌಂಟೆಂಟ್ ಇದ್ದರು, ಮತ್ತು ಕಂಪ್ಯೂಟರು ನಿಧಾನವಾದ ತಪ್ಪಿಗೆ ಅವರ ಕೆಲಸ ಹೋಗುವುದರಲ್ಲಿತ್ತು.

ವಿಷಯ ತಿಳಿಯದವರಿಗೆ ಎರಡು ಮಾತು. ಆಫೀಸಿನಲ್ಲಿ ಐದು ಕಂಪ್ಯೂಟರಿದ್ದರೂ ಲೆಕ್ಕ ಇರುವುದು ಒಂದರಲ್ಲಿ. ಉಳಿದವು ವೈರಿನ ಮೂಲಕ ಅಲ್ಲಿಗೆ ಹೋಗಿ ಬರೆದು ಬರುತ್ತವೆ. ದೇವಸ್ಥಾನದ ಮನೆಯವನಾದ್ದರಿಂದ ನನಗೆ ಇದು ಸುಲಭವಾಗಿ ಅರ್ಥವಾಯಿತು. ಗರ್ಭಗುಡಿ ಒಂದು, ಸರದಿ ಸಾಲು ನಾಲ್ಕು. ಜಮಾಖರ್ಚಿನ ಒಂದೇ ಒಂದು ವೋಚರು ಹಾಕಿದರೂ ಸಾಫ್ಟ್‌ವೇರು ಒಮ್ಮೆ ಹೋಗಿ ಬಂದು ಸುಮ್ಮನಾಗುವುದಿಲ್ಲ. ಬಾಗಿಲು ತೆರೆದಿದೆಯೆ ಎಂದು ಕೇಳಲು ಒಮ್ಮೆ, ಒಳಗೆ ಬೇರೆ ಯಾರಾದರೂ ಇದ್ದಾರೆಯೆ ಎಂದು ನೋಡಲು ಒಮ್ಮೆ, ಚಿಲಕ ಹಾಕಲು, ಬರೆಯಲು, ಬರೆದದ್ದು ಸರಿಯೆ ಎಂದು ನೋಡಲು, ಚಿಲಕ ತೆಗೆಯಲು, ಹೀಗೆ ಓಡಾಡುತ್ತಲೇ ಇರುತ್ತದೆ. ದಾರಿ ಖಾಲಿಯಿದ್ದರೆ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋದವರಿಗೆ ಮುಂದಿನದು ಗೊತ್ತು. ಎದುರಿಗೆ ಕಬ್ಬು ಹೇರಿದ ಟ್ರಾಕ್ಟರುಗಳ ಸಾಲು ಬಂದರೆ ನಿಮ್ಮ ಸ್ಕೂಟರು ಎಷ್ಟು ಹೊಸದಾದರೂ ಒಂದೇ.

ಆದರೆ ನಮ್ಮ ಗಿರಾಕಿಗಳು ರಸ್ತೆಯನ್ನು ಯಾವತ್ತೂ ಅನುಮಾನಿಸುತ್ತಿರಲಿಲ್ಲ. ಶ್ರೀರಂಗಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ ವೈಫೈ ಡಬ್ಬಿಯನ್ನು ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. "ಬೆಲೆ ಬಾಳೋ ಸಾಮಾನು, ಕಳ್ಳರ ಕಾಟ ಸ್ವಾಮಿ" ಎಂದರು ಅಲ್ಲಿನ ಮ್ಯಾನೇಜರು. ಬೀರು ತೆರೆದಿದ್ದಾಗ ಲೆಕ್ಕ ಓಡುತ್ತಿತ್ತು, ಮುಚ್ಚಿದಾಗ ತೆವಳುತ್ತಿತ್ತು. ಮದುವೆಯ ದಿನಗಳಲ್ಲಿ ಬೆಳ್ಳಿ ಸಾಮಾನಿಗಾಗಿ ಬೀರು ಬೆಳಗಿನಿಂದ ತೆರೆದೇ ಇರುತ್ತಿತ್ತು. ಆದ್ದರಿಂದ ಒಳ್ಳೆಯ ಮುಹೂರ್ತದಲ್ಲಿ ಕಂಪ್ಯೂಟರೂ ಚೆನ್ನಾಗಿ ನಡೆಯುತ್ತದೆ ಎಂದು ಆ ಆಫೀಸಿನವರು ಕಂಡುಕೊಂಡಿದ್ದರು. ನಾನು ಹೋಗುವ ಹೊತ್ತಿಗೆ ಪಂಚಾಂಗ ನೋಡಿ ಜಿಎಸ್‌ಟಿ ತುಂಬುತ್ತಿದ್ದರು.

ನಾಗಮಂಗಲದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕವಿದ್ದದ್ದು ಯಜಮಾನರ ಮೇಜಿನ ಕಂಪ್ಯೂಟರಿನಲ್ಲಿ. ಊಟವಾದ ಮೇಲೆ ಯಜಮಾನರು ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಯಾರೂ ಮುಟ್ಟದ ಕಾರಣ ಕಂಪ್ಯೂಟರೂ ನಿದ್ದೆ ಹೋಗುತ್ತಿತ್ತು. ಕೌಂಟರಿನಲ್ಲಿ ಗಿರಾಕಿಗಳು ಪೈಪು ಹೆಗಲ ಮೇಲಿಟ್ಟುಕೊಂಡು ಬಿಲ್ಲಿಗೆ ಕಾಯುತ್ತಿದ್ದರು. ಮೌಸನ್ನು ಸ್ವಲ್ಪ ಅಲ್ಲಾಡಿಸಿದ್ದರೆ ಸಾಕಿತ್ತು, ಆದರೆ ಆ ಮೇಜಿನ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಕಂಪ್ಯೂಟರು ಮಲಗದ ಹಾಗೆ ಮಾಡಿ ಬಂದೆ. ಮರುದಿನವೇ ಯಜಮಾನರ ಫೋನು. "ಏನ್ರೀ, ನಾನು ಮಲಗಿದ್ರೂ ಅದು ಎದ್ದೇ ಕುಂತಿರ್ತದಲ್ಲ, ಕರೆಂಟ್ ಬಿಲ್ ಯಾವನ್ರೀ ಕಟ್ಟೋನು?"

ನಮ್ಮ ಸರ್ವಿಸ್ ಮ್ಯಾನೇಜರ್ ರಂಗಸ್ವಾಮಿಯವರಿಗೆ ಇಂಥದ್ದನ್ನೆಲ್ಲ ವರದಿಯಲ್ಲಿ ಬರೆದರೆ ಆಗುತ್ತಿರಲಿಲ್ಲ. ಯಜಮಾನರ ನಿದ್ದೆ, ಬೀರುವಿನ ಬೀಗ ಎಂದು ಬರೆದುಕೊಟ್ಟರೆ ಮುಂದಿನ ವರ್ಷದ ಕಾಂಟ್ರಾಕ್ಟು ಸಿಗುವುದಿಲ್ಲ ಎನ್ನುವುದು ಅವರ ವಾದ. ವಾದ ಸರಿಯಾಗಿಯೇ ಇತ್ತು.

"ವೈರಸ್ ಅಂತ ಬರೀರಿ" ಎನ್ನುತ್ತಿದ್ದರು. "ಅದಕ್ಕೆ ಜಾತಿ ಇಲ್ಲ, ಪಕ್ಷ ಇಲ್ಲ, ನೆಂಟರಿಲ್ಲ. ಬೈಸ್ಕೊಂಡ್ರೆ ಬೇಜಾರು ಮಾಡ್ಕೊಳ್ಳಲ್ಲ."

ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ದೊಡ್ಡ ಮನುಷ್ಯರು ಮಾಡಿದ್ದನ್ನೆಲ್ಲ ವೈರಸ್ಸಿನ ತಲೆಗೆ ಕಟ್ಟುತ್ತಾ ನಾವು ನೆಮ್ಮದಿಯಾಗಿದ್ದೆವು. ಅದು ಸದ್ದಿಲ್ಲದೆ ಹೊತ್ತುಕೊಳ್ಳುತ್ತಿತ್ತು.

ಕೆ.ಆರ್. ಪೇಟೆಯ ಸಂಘಕ್ಕೆ ಬರುತ್ತೇನೆ. ರೈತರಿಗೆ ಗೊಬ್ಬರ, ಬೀಜ, ಸಾಲ ಕೊಡುವ ಸಂಘ. ಸಿಬ್ಬಂದಿ ಕೂರುವ ದೊಡ್ಡ ಹಾಲಿನಲ್ಲಿ ನಾಲ್ಕು ಕಂಪ್ಯೂಟರುಗಳು, ಒಂದೊಂದಕ್ಕೂ ಒಂದೊಂದು ಜಾತಕ. ಒಂದು ಹಿಂದಿನ ಅಧ್ಯಕ್ಷರೊಬ್ಬರು ಕೊಡಿಸಿದ್ದು, ಇನ್ನೊಂದು ಗೊಬ್ಬರದ ಏಜೆಂಟರ ಕೊಡುಗೆ, ಮತ್ತೊಂದು ಯಾರದೋ ತಂದೆಯ ಜ್ಞಾಪಕಾರ್ಥ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬರೆಸುವಂತೆ ಪ್ರತಿಯೊಂದರ ಮೇಲೂ ದಾನಿಯ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಹೆಸರಿದ್ದ ಮೇಲೆ ಎತ್ತಿ ಎಸೆಯುವಂತಿಲ್ಲ. ಒಂದರಲ್ಲಿ ಅಜ್ಜನ ಕಾಲದ ವಿಂಡೋಸು, ಒಂದರಲ್ಲಿ ಅದರ ಮಗ, ಒಂದರಲ್ಲಿ ಮೊಮ್ಮಗ. ನಾಲ್ಕನೆಯದಕ್ಕೆ, ನಿರ್ದೇಶಕರಾಗಿದ್ದ ಕಾಲೇಜು ಮೇಷ್ಟ್ರು ಕೃಷ್ಣಮೂರ್ತಿಯವರು "ಕಾಸಿಲ್ಲದೆ ಸಿಗುತ್ತದೆ" ಎಂದು ವಿಂಡೋಸಿನ ಬದಲು ಲಿನಕ್ಸ್ ಹಾಕಿಸಿದ್ದರು. ಲೆಕ್ಕದ ಸಾಫ್ಟ್‌ವೇರಿಗೆ ಲಿನಕ್ಸಿನ ಪರಿಚಯವಿಲ್ಲ. ಹಾಗಾಗಿ ಅದಕ್ಕೆ ವಿಂಡೋಸಿನ ವೇಷ ಹಾಕಿಸಿ ಕೂರಿಸಿದ್ದರು.

ಐದನೆಯದು, ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ಬಲಶಾಲಿ. ಲೆಕ್ಕವೆಲ್ಲ ಇದ್ದದ್ದು ಅದರಲ್ಲಿ. ಅದು ಅಧ್ಯಕ್ಷ ತಮ್ಮೇಗೌಡರ ಕೋಣೆಯಲ್ಲಿತ್ತು. ಗುಮಾಸ್ತರ ಮೇಜಿನ ಮೇಲೆ ಅಧ್ಯಕ್ಷರದಕ್ಕಿಂತ ದೊಡ್ಡ ಕಂಪ್ಯೂಟರು ಇರುವುದೆಂದರೇನು?

ಸವಿತಾ ಬಿ.ಕಾಂ. ಮಾಡಿದವರು. ಗುತ್ತಿಗೆ ನೌಕರಿ. ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಕೈಯೆತ್ತಿದರೆ ಮುಂದುವರಿಯುತ್ತಿತ್ತು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಆ ಖರ್ಚು ಇವರ ಸಂಬಳದ್ದು. ಮೊದಲ ಸಲ ಫೋನಿನಲ್ಲಿ ಅವರು ಹೇಳಿದ್ದು ಹೀಗೆ:

"ಸಾರ್, ವೋಚರ್ ಹಾಕಿ ಎಂಟರ್ ಒತ್ತಿದ್ರೆ ಬಳೆ ತರದ್ದು ಒಂದು ತಿರುಗ್ತಾ ಕುಂತ್ಕತದೆ. ಎದ್ದೋಗಿ ನೀರ್ ಕುಡ್ಕಂಡ್ ಬಂದ್ರೂ ತಿರುಗ್ತಾನೇ ಅದೆ. ಈ ತಿಂಗ್ಳು ಮೀಟಿಂಗ್ ಅದೆ ಸಾರ್. ಕೆಲ್ಸ ನಿಧಾನ ಅಂತ ನನ್ನ ತೆಗಿಯಾಕೆ ನೋಡ್ತಾವ್ರೆ. ಅಧ್ಯಕ್ಷರ ಬಾಮೈದನ ಮಗ ಬಿ.ಕಾಂ. ಮುಗ್ಸಿ ರೆಡಿಯಾಗಿ ಕುಂತವ್ನೆ."

ಹೋದೆ. ಈ ಕಥೆಯನ್ನು ಹೇಳುವಾಗ ಇಲ್ಲಿ ನಾನು ಸಾಮಾನ್ಯವಾಗಿ "ನನಗೆ ತಟ್ಟನೆ ಹೊಳೆಯಿತು" ಎನ್ನುತ್ತಿದ್ದೆ. ಏನೂ ಹೊಳೆಯಲಿಲ್ಲ. ನಾನು ಅನುಮಾನಪಟ್ಟದ್ದು ಲಿನಕ್ಸನ್ನು. ಊರಿನಲ್ಲಿ ಕಳ್ಳತನವಾದರೆ ಹೊರಗಿನಿಂದ ಬಂದು ನೆಲೆಸಿದವನ ಮನೆ ಬಾಗಿಲನ್ನೇ ಮೊದಲು ತಟ್ಟುತ್ತಾರಲ್ಲ, ಹಾಗೆ. ನಾಲ್ಕು ವಿಂಡೋಸುಗಳ ನಡುವೆ ಅದೊಂದೇ ಬೇರೆ. ಅದರ ಸೆಟಿಂಗುಗಳನ್ನೆಲ್ಲ ತಿರುವಿ ಹಾಕಿದೆ. ಅಜ್ಜ ವಿಂಡೋಸಿನ ಭಾಷೆ ಮೊಮ್ಮಗನಿಗೆ ತಿಳಿಯುತ್ತಿಲ್ಲವೇನೋ ಎಂದು ಅದನ್ನೂ ತಿದ್ದಿದೆ. ಸಂಜೆಯ ಹೊತ್ತಿಗೆ ಲಿನಕ್ಸು ರಸೀದಿ ಪ್ರಿಂಟು ಮಾಡುವುದನ್ನು ನಿಲ್ಲಿಸಿತ್ತು, ಸವಿತಾರ ಬಳೆ ಮಾತ್ರ ಮೊದಲಿನಂತೆಯೇ ತಿರುಗುತ್ತಿತ್ತು. ಕೃಷ್ಣಮೂರ್ತಿ ಮೇಷ್ಟ್ರು ನನ್ನನ್ನು ನೋಡಿ, "ಪಾಪದ ಪ್ರಾಣಿ ಸಿಕ್ಕಿತು ಅಂತ ಹೊಡೆದು ಹಾಕಿದಿರಾ?" ಎಂದರು. ರಸೀದಿಯನ್ನು ಸರಿಮಾಡಲು ಇನ್ನೊಂದು ದಿನ ಬೇಕಾಯಿತು.

ಆ ಎರಡನೆಯ ದಿನ ಅಧ್ಯಕ್ಷರ ಕಂಪ್ಯೂಟರನ್ನು ನೋಡಬೇಕೆಂದು ಅವರ ಕೋಣೆಗೆ ಹೋದೆ. ತಮ್ಮೇಗೌಡರು ದೊಡ್ಡ ಆಳು, ಮಾತೂ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಅಟೆಂಡರ್ ಸಿದ್ದಣ್ಣನನ್ನು ಕೂಗಿ ನನಗೆ ಕಾಫಿ ತರಿಸಿದರು.

"ಬನ್ನಿ ಐನೋರೆ, ಕುಂತ್ಕಳಿ. ಒಂದು ತಮಾಷೆ ತೋರುಸ್ತೀನಿ."

ಕಂಪ್ಯೂಟರಿನ ಪರದೆಯ ತುಂಬ ಚೌಕಗಳು. ಪ್ರತಿ ಚೌಕದಲ್ಲೂ ಸಂಘದ ಒಂದೊಂದು ಮೂಲೆ. ಗೊಬ್ಬರದ ಗೋಡೌನು, ಮೆಟ್ಟಿಲು, ಸಿದ್ದಣ್ಣನ ಸ್ಟೂಲು, ಸಿಬ್ಬಂದಿ ಕೂರುವ ಹಾಲ್. ಒಂದು ಚೌಕದಲ್ಲಿ ನನ್ನ ಬೆನ್ನೇ ಕಾಣಿಸಿತು.

"ಹೋದ್ ವರ್ಸ ಕೆಲ್ಸ ನಿಧಾನ ಆಯ್ತು ಅಂತ ನಾಕ್ ಕ್ಯಾಮ್ರಾ ಹಾಕ್ಸ್ದೆ. ಇನ್ನೂ ನಿಧಾನ ಆಯ್ತು. ಎಲ್ಲೋ ಮರೇಲಿ ಕುಂತ್ಕತಾವ್ರೆ ಅಂತ ಇನ್ನೂ ನಾಕ್ ಹಾಕ್ಸ್ದೆ. ಇನ್ನೂ ನಿಧಾನ! ಈಗ ಒಂದ್ ಮೂಲೆ ಬುಟ್ಟಿಲ್ಲ. ಎಲ್ಲಾನೂ ಇಲ್ಲೇ ರೆಕಾರ್ಡ್ ಆಯ್ತದೆ. ಆದ್ರೂ ನೋಡಿ, ನಾಚ್ಕೆ ಅದಾ ಅಂತ."

ಮೌಸಿನಲ್ಲಿ ಒತ್ತಿ ಒಂದು ಚೌಕವನ್ನು ಪರದೆಯ ತುಂಬ ದೊಡ್ಡದು ಮಾಡಿದರು. ಸವಿತಾ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದರು. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವರ ಮುಂದಿನ ಪರದೆಯಲ್ಲಿ ತಿರುಗುತ್ತಿದ್ದ ಬಳೆಯೂ ಕಾಣುತ್ತಿತ್ತು.

"ಬೆಳಗ್ಗಿಂದ ಇಂಗೇ ಕುಂತವ್ಳೆ. ಸಂಬಳ ಬ್ಯಾರೆ ಕೊಡ್ಬೇಕು."

ನನಗೆ ಆಗಲೂ ತಿಳಿಯಲಿಲ್ಲ. ಎಷ್ಟು ಒಳ್ಳೆಯ ಕ್ಯಾಮೆರಾ ಎಂದುಕೊಂಡೆ. ಕಾಫಿ ಕುಡಿದು, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿ ಬಂದೆ.

ಮೂರನೆಯ ಸಲ ಹೋದಾಗ ಸಂಘದಲ್ಲಿ ಹಬ್ಬದ ವಾತಾವರಣ. ಸವಿತಾರ ಬೆರಳು ಕೀಲಿಮಣೆಯ ಮೇಲೆ ಓಡುತ್ತಿತ್ತು. ಎಂಟರ್ ಒತ್ತುವುದೇ ತಡ ವೋಚರು ಸೇವ್ ಆಗಿ ಉಳಿಯುತ್ತಿತ್ತು. "ಏನ್ ಮಾಡುದ್ರಿ ಸಾರ್? ಬೆಳಿಗ್ಗಿಂದ ನೀರು ಕುಡುದಂಗೆ ಓಯ್ತಾ ಅದೆ!" ಎಂದರು. ನಾನು ಗಂಭೀರವಾಗಿ, ಲಿನಕ್ಸಿನ ಸೆಟಿಂಗಿನಲ್ಲಿ ಸ್ವಲ್ಪ ಹೊಂದಾಣಿಕೆ ಮಾಡಿದ್ದೇನೆ ಎಂದೆ. ರಂಗಸ್ವಾಮಿಯವರಿಗೆ ಫೋನು ಮಾಡಿ ಕೆಲಸ ಮುಗಿಯಿತು ಎಂದೆ. ಸಿದ್ದಣ್ಣ ನನಗೆ ಬೇಡವೆಂದರೂ ಎರಡನೆಯ ಕಾಫಿ ತಂದ.

"ಅಧ್ಯಕ್ಷರಿಲ್ವಾ ಸಿದ್ದಣ್ಣ?"

"ನಾಗಮಂಗಲದಲ್ಲಿ ಮದ್ವೆ, ಓಗವ್ರೆ ಸ್ವಾಮಿ. ಮಧ್ಯಾನಕ್ ಬಂದ್ಬುಡ್ತಾರೆ."

ಮಧ್ಯಾಹ್ನ ಕಾರು ಬಂದು ನಿಂತಿತು. ತಮ್ಮೇಗೌಡರು ತಾಂಬೂಲದ ಚೀಲ ಹಿಡಿದು ಕೋಣೆಗೆ ಹೋದರು. ಫ್ಯಾನು ತಿರುಗಿದ ಸದ್ದಾಯಿತು, ಕುರ್ಚಿ ಕಿರುಗುಟ್ಟಿತು. ಆಮೇಲೆ ಸವಿತಾರ ಪರದೆಯಲ್ಲಿ ಬಳೆ ಮೂಡಿತು. ಅವರು ಸುಮ್ಮನೆ ನನ್ನ ಮುಖ ನೋಡಿದರು. ನಾನು ಹೋಗಿ ಅಧ್ಯಕ್ಷರ ಬಾಗಿಲಿನಿಂದ ಇಣುಕಿದೆ. ಪರದೆಯ ತುಂಬ ಸವಿತಾ ಇದ್ದರು, ಅವರ ಮುಂದೆ ಬಳೆ.

ಆಗ, ನಾಲ್ಕು ತಾಲ್ಲೂಕು ಸುತ್ತಿದ ಇಂಜಿನಿಯರಿಗೆ, ಕೊನೆಗೂ ತಿಳಿಯಿತು. ಕ್ಯಾಮೆರಾ ಹಾಕಿದವನು ವೈರು ಉಳಿಸಲೆಂದು ಎಲ್ಲ ಕ್ಯಾಮೆರಾಗಳನ್ನೂ, ಆಫೀಸಿನ ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಅದೇ ಹಳೆಯ ಡಬ್ಬಿಗೆ ಚುಚ್ಚಿದ್ದ. ಅಧ್ಯಕ್ಷರು ಬಂದು ಪರದೆ ತೆರೆದರೆ ಎಲ್ಲ ಚಿತ್ರಗಳೂ ಕಬ್ಬಿನ ಟ್ರಾಕ್ಟರುಗಳಂತೆ ಆ ಒಂದೇ ದಾರಿಯಲ್ಲಿ ಅವರ ಕಂಪ್ಯೂಟರಿಗೆ ಹೋಗುತ್ತಿದ್ದವು, ಲೆಕ್ಕ ಇದ್ದ ಡಿಸ್ಕಿನ ಮೇಲೆಯೇ ರೆಕಾರ್ಡೂ ಆಗುತ್ತಿದ್ದವು. ಸವಿತಾರ ವೋಚರು ಸ್ಕೂಟರು ಹಿಡಿದು ರಸ್ತೆ ಬದಿಯಲ್ಲಿ ನಿಂತಿರುತ್ತಿತ್ತು. ಕೆಲಸ ಏಕೆ ನಡೆಯುತ್ತಿಲ್ಲ ಎಂದು ಅಧ್ಯಕ್ಷರು ನೋಡುತ್ತಿದ್ದುದರಿಂದ ಕೆಲಸ ನಡೆಯುತ್ತಿರಲಿಲ್ಲ. ನಡೆಯುತ್ತಿಲ್ಲವಾದ್ದರಿಂದ ಇನ್ನಷ್ಟು ನೋಡುತ್ತಿದ್ದರು.

"ಸಾರ್, ಈ ಕ್ಯಾಮೆರಾ ಪರದೆಯನ್ನು ಒಂದು ಗಳಿಗೆ ಮುಚ್ಚಬಹುದಾ?" ಎಂದು ಕೇಳಿದೆ.

"ಮುಚ್ಬುಟ್ರೆ ನೋಡೋರ್ ಯಾರು?" ಎಂದರು ತಮ್ಮೇಗೌಡರು. ಪ್ರಶ್ನೆ ನ್ಯಾಯವಾದದ್ದು.

ಸಂಜೆ ರಂಗಸ್ವಾಮಿಯವರಿಗೆ ವಿಷಯ ಹೇಳಿದೆ. ಅವರು ಮೊದಲು ಕಾಂಟ್ರಾಕ್ಟಿನ ಫೈಲು ತೆಗೆದು ತಾರೀಖು ನೋಡಿದರು. ಆಮೇಲೆ, "ನೀವು ಸುಮ್ನಿರಿ, ನಾನು ಅಧ್ಯಕ್ಷರ ಹತ್ರ ಮಾತಾಡ್ತೀನಿ" ಎಂದರು. ಮಾತಾಡಿದರು. ವೈರಸ್ ಎಂದರು.

ಮರುದಿನ ಬೆಳಿಗ್ಗೆ ಸವಿತಾರ ಫೋನು. ಈ ಸಲ ದನಿ ಬೇರೆಯಾಗಿತ್ತು.

"ಸಾರ್, ವೈರಸ್ ಅಂತ ನಿಮ್ಮೋರು ಯೋಳಿದ್ರಂತೆ. ಪೆನ್‌ಡ್ರೈವ್ ಯಾರು ತರೋದು ಅಂತ ಅಧ್ಯಕ್ಷರು ಕೇಳಿದ್ರು. ದಿನಾ ಸಂಜೆ ಲೆಕ್ಕದ ಬ್ಯಾಕಪ್ ತಗಂಡು ಮನೆಗೆ ಒಯ್ಯೋಳು ನಾನೇ ಅಲ್ವಾ, ಅವರೇ ಒಯ್ಯಿ ಅಂದಿದ್ದು. ಈಗ ನಾನೇ ಮನೆಯಿಂದ ರೋಗ ತಂದು ಹಚ್ಚಿದ್ದು ಅಂತಾವ್ರೆ. ಮೀಟಿಂಗ್‌ನಲ್ಲಿ ಅದನ್ನೇ ಇಡ್ತಾರಂತೆ."

ಅಷ್ಟು ವರ್ಷ ಯಾರಿಗೂ ನೋವು ಮಾಡದ ವೈರಸ್ಸು ಮೊದಲ ಬಾರಿಗೆ ಒಬ್ಬರ ಮನೆಯ ವಿಳಾಸ ಹುಡುಕಿಕೊಂಡಿತ್ತು.

ರಂಗಸ್ವಾಮಿಯವರು ಈಗ ತಾವು ಹೇಳಿದ್ದನ್ನು ವಾಪಸು ಪಡೆಯುವಂತಿರಲಿಲ್ಲ. "ಒಂದು ಹೆಣ್ಮಗಳ ಕೆಲಸ ಹೋಗ್ತದೆ ಸಾರ್" ಎಂದೆ. "ಹೋಗಬಾರದು" ಎಂದರು. "ಕಾಂಟ್ರಾಕ್ಟೂ ಹೋಗಬಾರದು. ಅಧ್ಯಕ್ಷರ ಮರ್ಯಾದೆನೂ ಹೋಗಬಾರದು. ಏನಾದ್ರೂ ಮಾಡ್ಕೊಳ್ಳಿ." ನನ್ನ ಇಡೀ ವೃತ್ತಿಯಲ್ಲಿ ಮೇಲಧಿಕಾರಿಯಿಂದ ಸಿಕ್ಕಿದ ಅತ್ಯಂತ ಸ್ಪಷ್ಟವಾದ ಆದೇಶ ಅದು.

ಆಡಳಿತ ಮಂಡಳಿ ಸಭೆ. ನಿರ್ದೇಶಕರ ಮುಂದೆ ಖಾರಾಬೂಂದಿ, ಬಾಳೆಹಣ್ಣು, ಕಾಫಿ. ಅಧ್ಯಕ್ಷರ ಬಾಮೈದನ ಮಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತಿದ್ದ. ಸವಿತಾ ಹಾಲಿನಲ್ಲಿ ತಮ್ಮ ಕಂಪ್ಯೂಟರಿನ ಮುಂದೆ ಇದ್ದರು. ಸಭೆಗೆ ಅವರನ್ನು ಕರೆದಿರಲಿಲ್ಲ. ನನ್ನನ್ನು ಕರೆದದ್ದು ವೈರಸ್ಸಿನ ಬಗ್ಗೆ ಸಾಕ್ಷಿ ಹೇಳಲು.

ನಾನು ವೈರಸ್ ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಎದ್ದು ನಿಂತು, ರೋಗ ಯಾವುದೆಂದು ತಿಳಿಯಲು ಕೊನೆಯದೊಂದು ಪರೀಕ್ಷೆ ಬಾಕಿಯಿದೆ, ಅದನ್ನು ಅಧ್ಯಕ್ಷರ ಅಮೃತಹಸ್ತದಿಂದಲೇ ಮಾಡಿಸಬೇಕೆಂದಿದ್ದೇನೆ ಎಂದೆ.

ನಮ್ಮ ಕಡೆ ಅಧ್ಯಕ್ಷರಿಗೆ ಏನನ್ನಾದರೂ ನಿಲ್ಲಿಸಿ ಎನ್ನುವುದು ಕಷ್ಟ, ಉದ್ಘಾಟಿಸಿ ಎನ್ನುವುದು ಸುಲಭ. ತಮ್ಮೇಗೌಡರು ಶಲ್ಯ ಸರಿಮಾಡಿಕೊಂಡು ಎದ್ದರು. ನಿರ್ದೇಶಕರೆಲ್ಲ ಬೂಂದಿ ಕೈಯಲ್ಲಿ ಹಿಡಿದೇ ಅವರ ಕೋಣೆಯ ಬಾಗಿಲಿನಲ್ಲಿ ಗುಂಪುಗೂಡಿದರು. ಅಲ್ಲಿಂದ ಹಾಲಿನಲ್ಲಿದ್ದ ಸವಿತಾ ಕೂಡ ಕಾಣುತ್ತಿದ್ದರು.

"ಸಾರ್, ಈಗ ಆ ಕ್ಯಾಮೆರಾ ಪರದೆಯ ಮೂಲೆಯ ಕೆಂಪು ಗುರುತನ್ನು ಒತ್ತಿ, ರೆಕಾರ್ಡನ್ನೂ ನಿಲ್ಲಿಸಿ."

ಒತ್ತಿದರು. ಒಬ್ಬ ನಿರ್ದೇಶಕರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

"ಸವಿತಾ, ವೋಚರು ಹಾಕಿ."

ಎಂಟರ್ ಒತ್ತಿದರು. ಉಳಿಯಿತು. ಇನ್ನೊಂದು. ಉಳಿಯಿತು. ಇನ್ನೊಂದು.

"ಈಗ ಮತ್ತೆ ತೆರೆಯಿರಿ ಸಾರ್."

ಚೌಕಗಳು ಮೂಡಿದವು. ಸವಿತಾ ಎಂಟರ್ ಒತ್ತಿದರು. ಬಳೆ ತಿರುಗತೊಡಗಿತು. ತಿರುಗುತ್ತಲೇ ಇತ್ತು.

ಪುಟ್ಟಸ್ವಾಮಿ ಎಂಬ ನಿರ್ದೇಶಕರು ಹಿಂದಿನ ಚುನಾವಣೆಯಲ್ಲಿ ತಮ್ಮೇಗೌಡರ ಎದುರು ಸೋತವರು. ಬಾಯಲ್ಲಿದ್ದ ಬೂಂದಿಯನ್ನು ನಿಧಾನವಾಗಿ ಅಗಿದು ನುಂಗಿ ಹೇಳಿದರು: "ಅಲ್ಲ ಕಣ್ಲಾ ತಮ್ಮಣ್ಣ, ಅಂಗಾರೆ ಇಷ್ಟ್ ದಿನ ಆ ಯಮ್ಮನ ಕೆಲ್ಸಕ್ಕೆ ಅಡ್ಡ ಕುಂತಿದ್ದೋನು ನೀನೇಯಾ?"

ನಗು ಎಲ್ಲಿಂದಲೋ ಶುರುವಾಗಿ ಎಲ್ಲರಿಗೂ ಹಬ್ಬಿತು. ಸಿದ್ದಣ್ಣ ನಗಬಾರದೆಂದು ಗೋಡೆಯ ಕಡೆ ತಿರುಗಿ ನಿಂತ. ತಮ್ಮೇಗೌಡರ ಮುಖ ಕೆಂಪಾಯಿತು, ಕಪ್ಪಾಯಿತು. ಕಾಂಟ್ರಾಕ್ಟು ಹೋಯಿತು ಎಂದುಕೊಂಡೆ. ಆದರೆ ಮೂರು ಸಲ ಅಧ್ಯಕ್ಷರಾದವರು ಸುಮ್ಮನೆ ಆಗಿರುವುದಿಲ್ಲ.

"ನಾನ್ ಯೋಳ್ಲಿಲ್ವೇನ್ಲಾ?" ಎಂದು ಅವರೇ ಗುಡುಗಿದರು. "ಕಂಪ್ಯೂಟರ್‌ನಲ್ಲೇ ಏನೋ ಅದೆ ಅಂತ ಮೊದ್ಲಿಂದ ಬಡ್ಕತಾ ಇವ್ನಿ. ಐನೋರನ್ನ ಕರ್ಸ್ದೋನ್ ಯಾರು? ಪರೀಕ್ಷೆ ಮಾಡ್ದೋನ್ ಯಾರು? ನೀನಾ?"

ಅಧ್ಯಕ್ಷರ ಸಮಯೋಚಿತ ಕ್ರಮದಿಂದ ದೋಷ ಪತ್ತೆಯಾಯಿತೆಂದು ಸಭೆ ಅವರನ್ನು ಅಭಿನಂದಿಸಿತು. ಕ್ಯಾಮೆರಾಗಳಿಗೆ ಬೇರೆ ದಾರಿ, ಬೇರೆ ರೆಕಾರ್ಡರು, ಅಧ್ಯಕ್ಷರ ಗೋಡೆಗೆ ದೊಡ್ಡದೊಂದು ಟಿವಿ ಮಂಜೂರಾಯಿತು. ಸವಿತಾರ ಗುತ್ತಿಗೆಯನ್ನು ಮುಂದುವರಿಸಲು ಎಲ್ಲರೂ ಕೈಯೆತ್ತಿದರು. ಬಾಮೈದನ ಮಗ ಉಳಿದ ಬಾಳೆಹಣ್ಣು ತಿಂದು ಮನೆಗೆ ಹೋದ.

ಮದುವೆ ಮನೆಗಳಲ್ಲಿ ನಾನು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಕೇಳಿದವರು ನಗುತ್ತಿದ್ದರು, ನನಗೆ ಇನ್ನೊಂದು ಹೋಳಿಗೆ ಬಡಿಸುತ್ತಿದ್ದರು. ಆದರೆ ಅದು ಇಲ್ಲಿಗೆ ನಿಲ್ಲಲಿಲ್ಲ. ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಆಮೇಲಿನದು.

ಕೆಲವು ವಾರಗಳ ಮೇಲೆ ಸವಿತಾ ಫೋನು ಮಾಡಿದರು.

"ಮತ್ತೆ ನಿಧಾನವಾ?" ಎಂದೆ.

"ಇಲ್ಲ ಸಾರ್. ಜೋರಾಗದೆ. ಅದೇ ಈಗ ತೊಂದ್ರೆ. ನೀವು ಒಂದ್ಸಲ ಬನ್ನಿ."

ಹೋದೆ. ಅಧ್ಯಕ್ಷರು ಇನ್ನೂ ಬಂದಿರಲಿಲ್ಲ. ಕೋಣೆಯ ಗೋಡೆಯ ಮೇಲಿನ ಟಿವಿಯಲ್ಲಿ ಇಡೀ ಸಂಘ ಸಿನಿಮಾದಂತೆ ಓಡುತ್ತಿತ್ತು. ಸವಿತಾರ ಮೇಜಿನ ಮೇಲೆ ಒಂದು ಚೀಟಿಯೂ ಬಾಕಿಯಿರಲಿಲ್ಲ.

"ದಿನದ ಕೆಲ್ಸ ಎಲ್ಲಾ ಊಟದೊತ್ತಿಗೆ ಮುಗ್ದೋಯ್ತದೆ ಸಾರ್. ಆಮೇಲೆ ಏನ್ ಮಾಡ್ಲಿ? ಟಿವಿಲಿ ನೋಡ್ತಾರೆ, ಸುಮ್ನೆ ಕುಂತಿರ್ತೀನಿ. ನಿನ್ನೆ ಕರ್ದು ಕೇಳಿದ್ರು, ಅರ್ಧ ದಿನದ ಕೆಲ್ಸಕ್ಕೆ ಅರ್ಧ ಸಂಬಳ ಸಾಕಲ್ವಾ ಅಂತ. ಮುಂದಿನ ಮೀಟಿಂಗ್‌ಗೆ ಇಡ್ತಾರಂತೆ. ಅವ್ರ ಮೇಲೆ ಕೋಪ ಇಲ್ಲ ಸಾರ್. ಅವ್ರು ಲೆಕ್ಕ ಕೇಳ್ತಾವ್ರೆ, ಲೆಕ್ಕ ಸರಿಯಾಗೇ ಅದೆ. ಆದ್ರೆ ಮಗಳ ಹಾಸ್ಟೆಲ್‌ನೋರು ಅರ್ಧ ದಿನ ಊಟ ಹಾಕ್ತೀವಿ ಅನ್ನಲ್ವಲ್ಲ."

ಆಮೇಲೆ ಅವರೇ, ಇಡೀ ಜೀವನದಲ್ಲಿ ಯಾವ ಗಿರಾಕಿಯೂ ನನ್ನನ್ನು ಕೇಳದ್ದನ್ನು ಕೇಳಿದರು.

"ಒಂಚೂರು ನಿಧಾನ ಮಾಡ್ಕೊಡಕ್ಕಾಯ್ತದಾ ಸಾರ್?"

ಈ ಭಾಗವನ್ನೂ ಹೇಳುವ ಒಂದು ಆವೃತ್ತಿಯಲ್ಲಿ ನಾನು ಇಲ್ಲಿ ಬಹಳ ಯೋಚನೆ ಮಾಡುತ್ತೇನೆ, ವೃತ್ತಿಧರ್ಮ ಇತ್ಯಾದಿ. ಮಾಡಿದ ನೆನಪಿಲ್ಲ. ಎಷ್ಟು ಬೇಕು ಎಂದು ಕೇಳಿದೆನೆಂದು ಕಾಣುತ್ತದೆ. ಏಕೆಂದರೆ ಕುರ್ಚಿ ಎಳೆದುಕೊಂಡು ಅವರ ಕಂಪ್ಯೂಟರಿನ ಮುಂದೆ ಕುಳಿತದ್ದು ನೆನಪಿದೆ.

ನೆಟ್‌ವರ್ಕಿನ ವೇಗವನ್ನು ಕಡಿಮೆ ಮಾಡುವುದು ಯಾವ ಪುಸ್ತಕದಲ್ಲೂ ಹೇಳಿಕೊಡದ ಕೆಲಸ. ಆದರೆ ಬೀಗ ಬಿಚ್ಚಲು ಬರುವವನಿಗೆ ಹಾಕಲೂ ಬರುತ್ತದೆ. ಅವರ ಕಂಪ್ಯೂಟರಿನ ವೈರಿನ ವೇಗವನ್ನು ಅತ್ಯಂತ ಕೆಳಗಿನ ಮೆಟ್ಟಿಲಿಗೆ ಇಳಿಸಿದೆ. ಜೊತೆಗೆ ಅದನ್ನು ಒಮ್ಮುಖ ಮಾಡಿದೆ. ಎಂದರೆ ಕಿರಿದಾದ ಸೇತುವೆಯ ಹಾಗೆ, ಆ ಕಡೆಯವರು ದಾಟುವವರೆಗೆ ಈ ಕಡೆಯವರು ನಿಲ್ಲಬೇಕು. ಬೇರೆ ಯಾರ ಕಂಪ್ಯೂಟರಿಗೂ ತೊಂದರೆಯಿಲ್ಲ, ಲೆಕ್ಕಕ್ಕೂ ಧಕ್ಕೆಯಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಬಂದರು. "ಏನ್ ಐನೋರೆ, ಮತ್ತೆ ಏನಾಯ್ತು?"

"ಸರ್ವಿಸ್ ಸಾರ್. ವೇಗದ ಹೊಂದಾಣಿಕೆ."

"ಮಾಡಿ ಮಾಡಿ" ಎಂದು ಹೇಳಿ ಟಿವಿಯ ಮುಂದೆ ಹೋಗಿ ಕುಳಿತರು. ನಾನು ವರದಿಯಲ್ಲೂ ವೇಗದ ಹೊಂದಾಣಿಕೆ ಎಂದೇ ಬರೆದೆ. ರಂಗಸ್ವಾಮಿಯವರ ಕೈಕೆಳಗೆ ನಾನು ಬರೆದ ವರದಿಗಳಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲದ್ದು ಬಹುಶಃ ಅದೊಂದೇ.

ಸವಿತಾ ಹಳೆಯ ವೋಚರುಗಳಲ್ಲಿ ಒಂದಷ್ಟನ್ನು ತೆರೆದರು, ಮುಚ್ಚಿದರು, ಹೊಸದೆರಡನ್ನು ಹಾಕಿದರು. ಬಳೆ ಮೂಡಿತು, ತಿರುಗಿತು, ಮಾಯವಾಯಿತು. ಅವರು ಕಣ್ಣು ಕಿರಿದು ಮಾಡಿ, ರುಚಿ ನೋಡುವವರಂತೆ ಅದನ್ನೇ ಗಮನಿಸುತ್ತಿದ್ದರು.

"ಸಾಕಾ?" ಎಂದೆ.

"ಜಾಸ್ತಿಯಾಯ್ತು ಸಾರ್" ಎಂದು ಪಿಸುಗುಟ್ಟಿದರು. "ಇಂಗಾದ್ರೆ ಆರ್ ಗಂಟೆಯಾಯ್ತದೆ. ನಾನು ಮನೆಗೋಗೋ ಶೀಳನೆರೆ ಬಸ್ಸು ಐದೂಮುಕ್ಕಾಲಿಗೆ."

ವೇಗವನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿದೆ. ಸೇತುವೆ ಒಮ್ಮುಖವಾಗಿಯೇ ಇರಲಿ ಎಂದು ಬಿಟ್ಟೆ. ಅವರು ಇನ್ನೊಂದು ವೋಚರು ಹಾಕಿ ಎಂಟರ್ ಒತ್ತಿದರು, ಗೋಡೆಯ ಗಡಿಯಾರ ನೋಡಿದರು, ತಲೆಯಾಡಿಸಿದರು.